ಕೇಳುವ ಹೊತ್ತು

ಹಳೆಯ ಕನ್ನಡ ಸಿನಿಮಾಗಳಲ್ಲಿ ಒಂದು ದೃಶ್ಯ ಆಗಾಗ ಬರುತ್ತಿತ್ತು. ಆಪರೇಷನ್ ಥಿಯೇಟರಿನ ಬಾಗಿಲ ಮೇಲಿನ ಕೆಂಪು ದೀಪ ಆರುತ್ತದೆ. ಡಾಕ್ಟರು ಹೊರಗೆ ಬಂದು, ಕನ್ನಡಕ ತೆಗೆದು, ಹಣೆ ಒರೆಸಿಕೊಂಡು, "ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಬಹುದು. ತಾಯಿ ಬೇಕೋ, ಮಗು ಬೇಕೋ ಹೇಳಿ" ಎನ್ನುತ್ತಾರೆ. ಗಂಡ ಗೋಡೆಗೆ ಒರಗಿಕೊಳ್ಳುತ್ತಾನೆ. ಅತ್ತೆ ದೇವರ ಪಟದ ಕಡೆಗೆ ತಿರುಗುತ್ತಾಳೆ. ಟೆಂಟಿನಲ್ಲಿ ಮರಳ ಮೇಲೆ ಕೂತ ನಾವೆಲ್ಲ ಆ ಗಂಡನ ಬದಲಿಗೆ ಮನಸ್ಸಿನಲ್ಲೇ ಉತ್ತರ ಹೇಳಿಕೊಂಡು, ನಮ್ಮ ಉತ್ತರದ ಔದಾರ್ಯಕ್ಕೆ ನಾವೇ ಕಣ್ಣೊರೆಸಿಕೊಳ್ಳುತ್ತಿದ್ದೆವು.

ನೀತಿಯ ಪ್ರಶ್ನೆ ಎಂದರೆ ಹೀಗೆಯೇ ಇರುತ್ತದೆ ಎಂದು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಒಂದು ಬಾಗಿಲು, ಒಂದು ಗಳಿಗೆ, ಎರಡು ದಾರಿ, ನಡುವೆ ನಿಂತ ಒಬ್ಬ ಮನುಷ್ಯ. ಆ ದೃಶ್ಯದಲ್ಲಿ ಎರಡು ಸಂಗತಿಗಳು ನಮಗೆ ಆಗ ಹೊಳೆಯುತ್ತಿರಲಿಲ್ಲ. ಒಳಗೆ ಮಲಗಿರುವ ಹೆಂಗಸನ್ನು ಯಾರೂ ಏನೂ ಕೇಳಿಲ್ಲ ಎಂಬುದು ಒಂದು. ಇಷ್ಟು ದೊಡ್ಡ ಪ್ರಶ್ನೆಯನ್ನು ಇಷ್ಟು ತಡವಾಗಿ ಕೇಳಿದ್ದೇಕೆ ಎಂಬುದು ಇನ್ನೊಂದು. ಈಗ ಇಷ್ಟು ವರ್ಷಗಳ ಮೇಲೆ ನನಗೆ ಅನ್ನಿಸುವುದು, ಆ ಎರಡನೆಯದೇ ಹೆಚ್ಚು ಮುಖ್ಯವೆಂದು.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯ ಹಳ್ಳಿಗಳಲ್ಲಿ ಹಸು ಕರು ಹಾಕಿದರೆ ಮನೆಯವರ ಅರ್ಧ ಗಮನ ಕರುವಿನ ಮೇಲೆ, ಇನ್ನರ್ಧ ಹಸುವಿನ ಹಿಂಭಾಗದ ಮೇಲೆ. "ಕಸ ಬಿತ್ತಾ?" ಎಂಬುದು ಬಂದವರೆಲ್ಲ ಕೇಳುವ ಮೊದಲ ಮಾತು. ಎಂಟು ಹತ್ತು ಗಂಟೆಯಾದರೂ ಬೀಳದಿದ್ದರೆ ಪಶುವೈದ್ಯರಿಗೆ ಕರೆ ಹೋಗುತ್ತದೆ. ಜೋತುಬಿದ್ದ ಕಸಕ್ಕೆ ಕಲ್ಲು ಕಟ್ಟಿ ಎಳೆಯಬಾರದೆಂದು ಅವರು ಬೈದು ಬೈದು ಈಗ ಜನ ಅದನ್ನೂ ಕಲಿತಿದ್ದಾರೆ. ಹಾಲಿನ ದುಡ್ಡಿನಿಂದ ಮನೆ ನಡೆಯುವ ಸೀಮೆಯಲ್ಲಿ ಇದು ಸಹಜವೇ. ಮನುಷ್ಯರ ಹೆರಿಗೆಯಲ್ಲಿ ಮಾತ್ರ ಮಗು ಅತ್ತ ಕೂಡಲೇ ಎಲ್ಲರ ಕಣ್ಣೂ ಮಗುವಿನ ಕಡೆ ತಿರುಗಿಬಿಡುತ್ತದೆ. ಗಂಡೋ ಹೆಣ್ಣೋ, ಯಾರ ಮೂಗು, ಯಾರ ಬಣ್ಣ. ಹೆರಿಗೆ ಇನ್ನೂ ಮುಗಿದಿಲ್ಲ, ಮಾಸು ಬರಬೇಕಿದೆ ಎಂಬುದು ದಾದಿಯೊಬ್ಬಳಿಗೆ ಬಿಟ್ಟ ವಿಷಯ.

ಸಾಮಾನ್ಯವಾಗಿ ಮಗು ಹುಟ್ಟಿದ ಅರ್ಧ ಗಂಟೆಯೊಳಗೆ ಮಾಸು ತಾನಾಗಿ ಕಳಚಿಕೊಳ್ಳುತ್ತದೆ. ಅದು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಹೆಂಗಸಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು ಐದು ಲೀಟರು. ಆ ತೆರೆದ ಬಾಯಿಗಳನ್ನು ಮುಚ್ಚುವುದು ಗರ್ಭಕೋಶದ ಸ್ನಾಯು. ಮಾಸು ಕಳಚಿದೊಡನೆ ಅದು ಬಿಗಿಯಾಗಿ ಕುಗ್ಗಿ, ಮೂಟೆಯ ಬಾಯಿಗೆ ಹುರಿ ಬಿಗಿದ ಹಾಗೆ ನಾಳಗಳನ್ನು ಹಿಸುಕಿಬಿಡುತ್ತದೆ. ಸ್ನಾಯು ಸೋತರೆ ರಕ್ತ ನಿಲ್ಲುವುದಿಲ್ಲ. ಚಿಕಿತ್ಸೆ ಸಿಗದ ಬಾಣಂತಿ ಎರಡು ಗಂಟೆಯೊಳಗೆ ಹೋಗಿಬಿಡಬಹುದು.

ಇನ್ನೊಂದು ಬಗೆಯ ಆಪತ್ತಿದೆ. ಮಾಸಿಗೂ ಸ್ನಾಯುವಿಗೂ ನಡುವೆ ಒಂದು ತೆಳು ಒಳಪದರವಿರುತ್ತದೆ. ಕಳಚಿಕೊಳ್ಳುವುದು ಅಲ್ಲಿಂದಲೇ. ಹಿಂದಿನ ಸಿಸೇರಿಯನ್ನಿನ ಗಾಯ ಮಾಗಿದ ಜಾಗದಲ್ಲಿ ಆ ಪದರ ಸರಿಯಾಗಿರುವುದಿಲ್ಲ. ಮುಂದಿನ ಬಸಿರಿನಲ್ಲಿ ಮಾಸು ಕೆಳಗೆ, ಆ ಹಳೆಯ ಗಾಯದ ಮೇಲೆಯೇ ಕೂತರೆ, ಅದು ಸ್ನಾಯುವಿನೊಳಕ್ಕೆ ಇಳಿದುಬಿಡುತ್ತದೆ. ಕೆಲವೊಮ್ಮೆ ಗರ್ಭಕೋಶವನ್ನೇ ದಾಟಿ ಮೂತ್ರಕೋಶದವರೆಗೂ ಹೋಗುತ್ತದೆ. ವೈದ್ಯರು ಇದನ್ನು ಅಕ್ರೀಟಾ ಎನ್ನುತ್ತಾರೆ. ಇಳಿದ ಆಳ ನೋಡಿ ಇಂಕ್ರೀಟಾ, ಪರ್ಕ್ರೀಟಾ ಎಂದೂ ಹೇಳುತ್ತಾರೆ. ಇಂಥ ಮಾಸನ್ನು ಕೀಳಹೋದರೆ ಕಟ್ಟೆ ಒಡೆದಂತೆ ರಕ್ತ ಬರುತ್ತದೆ. ಅದನ್ನು ಮುಟ್ಟದೆ, ಮಗುವನ್ನು ಮಾತ್ರ ಹೊರತೆಗೆದು, ಮಾಸಿನ ಸಮೇತ ಗರ್ಭಕೋಶವನ್ನೇ ತೆಗೆದುಬಿಡುವುದು ಸಾಮಾನ್ಯವಾಗಿ ಅನುಸರಿಸುವ ಕ್ರಮ. ಹಾಗಾಗಿ ಇಲ್ಲಿ ಬರುವ ಪ್ರಶ್ನೆ ಸಿನಿಮಾದ್ದಲ್ಲ. ಬಹಳ ಸಲ ಮಗು ಬದುಕಿ ಅಳುತ್ತಲೇ ಇರುತ್ತದೆ. ಪ್ರಶ್ನೆ ಇರುವುದು ತಾಯಿಯ ಪ್ರಾಣ ಮತ್ತು ಅವಳ ಗರ್ಭಕೋಶದ ನಡುವೆ.

ಅಮೆರಿಕದ 19 ಆಸ್ಪತ್ರೆಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕ ಹೀಗಿದೆ: ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತ ಹೆಂಗಸರಲ್ಲಿ, ಹಿಂದೆ ಒಂದೂ ಸಿಸೇರಿಯನ್ ಆಗಿರದವರಿಗೆ ಮಾಸು ಹೀಗೆ ಇಳಿದಿರುವ ಸಂಭವ ನೂರಕ್ಕೆ 3. ಒಂದು ಆಗಿದ್ದರೆ 11. ಎರಡು ಆಗಿದ್ದರೆ 40. ಮೂರು ಆಗಿದ್ದರೆ 61. ಈ ನಾಲ್ಕು ಅಂಕಿಗಳನ್ನು ಅರ್ಥ ಮಾಡಿಕೊಳ್ಳಲು ವೈದ್ಯಶಾಸ್ತ್ರ ಓದಬೇಕಾಗಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಒಂದು ಹಿಡಿ ಗೂಡು ಕೈಗೆತ್ತಿಕೊಂಡು ಲಾಟಿನ ಯೋಗ್ಯತೆ ಹೇಳುವ ಯಾರಿಗಾದರೂ ನೂರರಲ್ಲಿ ನಲವತ್ತು ಕೆಟ್ಟರೆ ಏನೆಂದು ಗೊತ್ತು.

ಇದು ಹೆರಿಗೆಯ ದಿನ ಥಟ್ಟನೆ ಎರಗುವ ಸಿಡಿಲಲ್ಲ ಎಂಬುದೇ ಇದರಲ್ಲಿರುವ ಸಮಾಧಾನ. ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿಯೇ ಮಾಸು ಕೆಳಗಿದೆಯೆಂದು ಕಾಣುತ್ತದೆ. ಬಹುಪಾಲು ಹೆಂಗಸರಲ್ಲಿ ಗರ್ಭಕೋಶ ಬೆಳೆದಂತೆ ಅದು ಮೇಲೆ ಸರಿಯುತ್ತದೆ. ಸರಿಯದವರನ್ನು ಏಳು ಎಂಟನೇ ತಿಂಗಳಲ್ಲಿ ಮತ್ತೆ ನೋಡಿದರೆ ಪರಿಣತರು ಅನುಮಾನವನ್ನಾದರೂ ಹೇಳಬಲ್ಲರು. ಎಂದರೆ ಕೈಯಲ್ಲಿ ಕೆಲವು ವಾರಗಳಿವೆ. ಆ ವಾರಗಳಲ್ಲಿ ಏನೇನು ಮಾಡಬಹುದು? ರಕ್ತ, ಅರಿವಳಿಕೆ, ಅನುಭವಿ ಶಸ್ತ್ರವೈದ್ಯರು, ಮಗುವಿನ ತುರ್ತು ಘಟಕ ಎಲ್ಲ ಒಂದೇ ಕಡೆ ಇರುವ ಆಸ್ಪತ್ರೆಯನ್ನು ಗೊತ್ತುಮಾಡಿಕೊಳ್ಳಬಹುದು. ನೋವು ಶುರುವಾಗುವುದಕ್ಕೆ ಮುಂಚೆ, ಮೂವತ್ತನಾಲ್ಕರಿಂದ ಮೂವತ್ತಾರನೇ ವಾರದೊಳಗೆ, ಹಗಲು ಹೊತ್ತಿನಲ್ಲಿ ಆಪರೇಷನ್ ಇಟ್ಟುಕೊಳ್ಳಬಹುದು. ಮತ್ತೆ ಮಕ್ಕಳು ಬೇಕೇ ಬೇಕೆನ್ನುವವರಿಗೆ, ಕೆಲವು ಸಂದರ್ಭಗಳಲ್ಲಿ, ಮಾಸನ್ನು ಅಲ್ಲೇ ಬಿಟ್ಟು ವಾರಗಟ್ಟಲೆ ಕಾಯುವ ಕ್ರಮವೂ ಇದೆ. ಅದರಲ್ಲಿ ಕೀವು, ರಕ್ತಸ್ರಾವದ ಭಯ ಉಂಟು. ಆದರೂ ಅದೊಂದು ದಾರಿ. ಮೊದಲೇ ಕೇಳಿದರೆ ಇಷ್ಟು ದಾರಿಗಳು ಕಾಣುತ್ತವೆ. ರಕ್ತ ಹರಿಯುತ್ತಿರುವಾಗ ಕೇಳಿದರೆ ಒಂದೇ ದಾರಿ.

ನಮ್ಮ ಸೀಮೆಯಲ್ಲಿ ಆ ಒಂದು ದಾರಿ ರಸ್ತೆಯ ಮೇಲೆ ಹಾದುಹೋಗುತ್ತದೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರು ಅರವತ್ತು ಕಿಲೋಮೀಟರಿನ ಆಸುಪಾಸು. ಚಿಂತಾಮಣಿ, ಗೌರಿಬಿದನೂರುಗಳಿಂದ ಎಪ್ಪತ್ತು ಎಂಬತ್ತು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಈಗ ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. 2008ರ ನವೆಂಬರ್ ಒಂದರಂದು ಶುರುವಾದ 108 ವಾಹನ ಹಳ್ಳಿಯ ಬಾಗಿಲಿಗೇ ಬರುತ್ತದೆ. ಇವೆಲ್ಲ ಸಣ್ಣ ಸಾಧನೆಯಲ್ಲ. ಆದರೂ ಕೇಸು ಕೈಮೀರಿತೆಂದರೆ "ವಾಣಿವಿಲಾಸಕ್ಕೆ ಕರ್ಕೊಂಡ್ಹೋಗಿ" ಎಂಬ ಮಾತು ಇಂದಿಗೂ ಕೇಳುತ್ತದೆ. 1935ರಲ್ಲಿ ಶುರುವಾದ ಆ ಆಸ್ಪತ್ರೆಯ ಹೆಸರು ಕೇಳದ ಮನೆ ನಮ್ಮ ಕಡೆ ಇಲ್ಲ. ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ಕೂಗುತ್ತಿರುವ ಆಂಬುಲೆನ್ಸನ್ನು ಕಂಡಾಗಲೆಲ್ಲ, ಇದರೊಳಗೆ ಮಲಗಿರುವವರಿಗೆ ಈ ಪ್ರಯಾಣ ಬೇಕಾಗುತ್ತದೆಂದು ಎಷ್ಟು ದಿನದಿಂದ ಯಾರಿಗೆ ಗೊತ್ತಿತ್ತೋ ಎಂದು ನನಗೆ ಅನ್ನಿಸುತ್ತದೆ.

ನಮ್ಮ ದೊಡ್ಡಮ್ಮನ ಕಡೆಯ ಒಬ್ಬ ಹೆಣ್ಣುಮಗಳಿದ್ದಾಳೆ. ಚಿಂತಾಮಣಿಯ ಆಚೆಯ ಹಳ್ಳಿ. ಮೊದಲಿನ ಎರಡು ಹೆರಿಗೆಯೂ ಆಪರೇಷನ್ನು, ಎರಡೂ ಹೆಣ್ಣು. ಮೂರನೆಯದು ಯಾಕೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಏಳನೇ ತಿಂಗಳಲ್ಲಿ ಸ್ಕ್ಯಾನಿಂಗ್ ಮಾಡಿದವರು ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದುಕೊಟ್ಟು, ಗಂಡನನ್ನು ಪಕ್ಕಕ್ಕೆ ಕರೆದು, ದೊಡ್ಡಾಸ್ಪತ್ರೆಗೆ ತೋರಿಸಿಬಿಡಿ ಎಂದರು. ಅವನು ಕೆಟ್ಟವನಲ್ಲ. ಬಸುರಿ ಹೆಂಗಸಿಗೆ ಹೇಳಿ ಯಾಕೆ ಹೆದರಿಸಬೇಕು, ಟೊಮೆಟೊ ಕೊಯ್ಲು ಮುಗಿಯಲಿ ಎಂದುಕೊಂಡು ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಎಂಟನೇ ತಿಂಗಳ ಒಂದು ರಾತ್ರಿ ನೋವೇ ಇಲ್ಲದೆ ರಕ್ತ ಶುರುವಾಯಿತು. ಒಂದು ಆಸ್ಪತ್ರೆ, ಅಲ್ಲಿಂದ ಇನ್ನೊಂದು, ಅಲ್ಲಿಂದ ಬೆಂಗಳೂರು. ಅವನು ಮೂರು ಕಡೆ ಸಹಿ ಹಾಕಿದ. ಹನ್ನೊಂದು ಚೀಲ ರಕ್ತ ಹೋಯಿತಂತೆ. ಗರ್ಭಕೋಶ ತೆಗೆದರು. ಅವಳು ಉಳಿದಳು, ಮಗುವೂ ಉಳಿಯಿತು. ಮಗು ಗಂಡೋ ಹೆಣ್ಣೋ ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಈ ಮಾತಿಗೆ ಸೇರಿದ್ದಲ್ಲ.

ಬಾಣಂತನ ಮುಗಿಸಿ, ನಾಲ್ಕು ತಿಂಗಳಾದ ಮೇಲೆ ಅವಳು ತನ್ನ ತಾಯಿಯನ್ನು ಕೇಳಿದಳಂತೆ, ಇನ್ನೂ ಯಾಕೆ ಮುಟ್ಟಾಗಲಿಲ್ಲ ಎಂದು. ತಾಯಿ ಒಲೆಯ ಕಡೆ ಮುಖ ತಿರುಗಿಸಿಕೊಂಡರು. ಆಗ ಗೊತ್ತಾದದ್ದು. ಆಮೇಲೆ ಒಂದು ಮದುವೆ ಮನೆಯಲ್ಲಿ ನನ್ನ ಪಕ್ಕ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಅವಳು ಹೇಳಿದ್ದು ಇಷ್ಟೇ: "ತೆಗೆದಿದ್ದು ತಪ್ಪು ಅಂತ ನಾನನ್ನಲ್ಲಕ್ಕ. ತೆಗೀದಿದ್ರೆ ನಾನಿವತ್ತು ಇರ್ತಿರ್ಲಿಲ್ಲ. ಆದ್ರೆ ನಮ್ಮತ್ತೆಗೆ ಗೊತ್ತಿತ್ತು, ನಮ್ಮಮ್ಮಂಗೆ ಗೊತ್ತಿತ್ತು, ಪಕ್ಕದ ಮನೆಯೋರ್ಗೂ ಗೊತ್ತಿತ್ತು. ನಂಗೊಬ್ಳಿಗೇ ಗೊತ್ತಿರ್ಲಿಲ್ಲ."

ಅವಳ ಮಾತಿನಲ್ಲಿ ಎರಡು ಬೇರೆಬೇರೆ ಸಂಗತಿಗಳಿವೆ. ಪ್ರಾಣ ಉಳಿಸಿದ್ದು ಸರಿ. ಕೇಳದೆ ಇದ್ದದ್ದು ಸರಿಯಲ್ಲ. ಮೊದಲನೆಯದು ಎಷ್ಟೇ ದೊಡ್ಡದಾದರೂ ಎರಡನೆಯದನ್ನು ಅಳಿಸುವುದಿಲ್ಲ. ನಾವು ಸಾಮಾನ್ಯವಾಗಿ ಅಳಿಸಿಬಿಡುತ್ತೇವೆ. "ಜೀವ ಉಳೀತಲ್ಲ, ಇನ್ನೇನು?" ಎಂಬ ಒಂದೇ ಮಾತಿನಿಂದ ಬಾಯಿ ಮುಚ್ಚಿಸುತ್ತೇವೆ. ಉಪಕಾರ ಪಡೆದವಳು ಪ್ರಶ್ನೆ ಕೇಳುವ ಹಕ್ಕನ್ನು ಕಳೆದುಕೊಳ್ಳುತ್ತಾಳೆಯೇ?

ಈ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟು 2008ರ ಜನವರಿ 16ರಂದು ಒಂದು ತೀರ್ಪು ಕೊಟ್ಟಿದೆ. ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಸಮೀರಾ ಕೊಹ್ಲಿ ಎಂಬ ದೆಹಲಿಯ ಮಹಿಳೆ 1995ರಲ್ಲಿ ಬರೀ ತಪಾಸಣೆಗೆಂದು ಅರಿವಳಿಕೆ ತೆಗೆದುಕೊಂಡಿದ್ದರು. ಅವರು ಎಚ್ಚರ ತಪ್ಪಿ ಮಲಗಿದ್ದಾಗ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆದುಬಿಟ್ಟರು. ವಯಸ್ಸಿಗೆ ಬಂದ, ಬುದ್ಧಿ ಸರಿಯಿರುವ ಹೆಂಗಸಿನ ಪರವಾಗಿ ಬೇರೆಯವರು ಒಪ್ಪಿಗೆ ಕೊಡುವಂತಿಲ್ಲ, ಅವಳು ಎಚ್ಚರಗೊಳ್ಳುವವರೆಗೆ ಕಾಯಬಹುದಿತ್ತು ಎಂದಿತು ಕೋರ್ಟು. ಆದರೆ ಅದೇ ತೀರ್ಪು ಒಂದು ಬಾಗಿಲನ್ನು ತೆರೆದಿಟ್ಟಿದೆ: ಪ್ರಾಣ ಉಳಿಸಲು ಆಗಲೇ ಮಾಡಲೇಬೇಕಾದ ಚಿಕಿತ್ಸೆಯಾದರೆ ಒಪ್ಪಿಗೆಗೆ ಕಾಯಬೇಕಾಗಿಲ್ಲ.

ಹಾಗಾದರೆ ರಕ್ತ ಸುರಿಯುತ್ತಿರುವ ಬಾಣಂತಿಯ ಗರ್ಭಕೋಶ ತೆಗೆಯುವ ವೈದ್ಯರಿಗೆ ಗಂಡನ ಸಹಿಯಿಂದ ಕಾನೂನಿನ ದೊಡ್ಡ ಪ್ರಯೋಜನವೇನೂ ಇಲ್ಲ. ಆದರೂ ಕಾಗದ, ಪೆನ್ನು ಹಿಡಿದುಕೊಂಡು ಯಾರಾದರೂ ಹೊರಗೆ ಓಡಿಬರುತ್ತಾರೆ. ನಾಳೆ ಗಲಾಟೆಯಾದರೆ ಇರಲಿ ಎಂಬ ಮುಂಜಾಗ್ರತೆ ಅದು. ಡಾಕ್ಟರುಗಳ ಮೇಲೆ ಕೈ ಎತ್ತುವ ಜನರೂ ಇರುವುದರಿಂದ ಆ ಭಯ ಸುಳ್ಳಲ್ಲ. ಆದರೆ ನಡುಗುವ ಕೈಯಿಂದ, ಓದಲಾರದ ಕಾಗದದ ಮೇಲೆ, ಮತ್ತೊಬ್ಬರ ಮೈಯ ಬಗ್ಗೆ ಹಾಕಿದ ಸಹಿ ಒಪ್ಪಿಗೆಯಲ್ಲ, ಮುಚ್ಚಳಿಕೆ. ಒಪ್ಪಿಗೆ ಎಂದರೆ ತಿಳಿದುಕೊಂಡು, ಯೋಚಿಸಿ, ಬೇಡ ಎನ್ನುವುದಕ್ಕೂ ಜಾಗವಿರುವಾಗ ಹೇಳಿದ ಹೂಂ. ಅದು ಬಿಡುವಿನ ಹೊತ್ತಿನ ಬೆಳೆ. ತುರ್ತಿನಲ್ಲಿ ಅದು ಬೆಳೆಯುವುದೇ ಇಲ್ಲ.

ಇದಕ್ಕೆ ಎದುರಾಗಿ ಹೇಳುವ ಮಾತುಗಳಿವೆ. ಅವನ್ನು ಹಗುರಾಗಿ ತಳ್ಳಿಹಾಕಬಾರದು. ಬಸುರಿಯ ಮುಂದೆ ಕೆಟ್ಟ ಮಾತಾಡಬಾರದು ಎಂಬುದು ನಮ್ಮ ಹಿರಿಯರ ಕಟ್ಟಳೆ. ಸೀಮಂತದಲ್ಲಿ ಬಳೆ ತೊಡಿಸಿ, ಬಯಕೆಯ ತಿಂಡಿ ಮಾಡಿಹಾಕಿ, ಸಾವಿನ ಮನೆಗೆ ಕರೆದುಕೊಂಡು ಹೋಗದೆ ಅವಳ ಮನಸ್ಸನ್ನು ಕಾಯುತ್ತಿದ್ದರು. ಅದರ ಹಿಂದೆ ಪ್ರೀತಿಯಿದೆ. ಇಂಥವಳಿಗೆ "ನಿನ್ನ ಗರ್ಭಕೋಶ ಹೋಗಬಹುದು, ಬಹಳ ರಕ್ತ ಹೋಗಬಹುದು" ಎಂದು ಹೇಗೆ ಹೇಳುವುದು? ನಿಜ, ಹೇಳುವುದು ಕಷ್ಟ. ಆದರೆ ಹೇಳದೆ ಇದ್ದರೆ ಭಯ ಇಲ್ಲವಾಗುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೆ. ಅರ್ಧರಾತ್ರಿ, ಒದ್ದೆ ಸೀರೆಯಲ್ಲಿ, ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಮುಖಗಳ ನಡುವೆ ಅವಳು ಒಮ್ಮೆಗೇ ಆ ಭಯವನ್ನೆಲ್ಲ ಪಡಬೇಕಾಗುತ್ತದೆ. ಹಗಲಿನಲ್ಲಿ, ತಾಯಿ ಪಕ್ಕದಲ್ಲಿರುವಾಗ, ಹೀಗಾದರೆ ಹೀಗೆ ಮಾಡುತ್ತೇವೆ ಎಂಬ ಮಾತಿನ ಜೊತೆಗೆ ಕೇಳಿದ ಭಯ ಅದಕ್ಕಿಂತ ಹಗುರ.

ಎರಡನೆಯ ಮಾತು: ಹಳ್ಳಿಯ ಹೆಂಗಸರಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಸಂಘದ ಸಾಲದ ಬಡ್ಡಿಯನ್ನು ಬಾಯಲ್ಲೇ ಲೆಕ್ಕ ಹಾಕುವವರು, ಹುಳು ಜ್ವರಕ್ಕೆ ಕೂತ ದಿನ, ಎದ್ದ ದಿನ ನೆನಪಿಟ್ಟು ಸೊಪ್ಪು ಕೊಡುವವರು ಇವರು. ಅರ್ಥವಾಗದೆ ಇರುವುದು ವಿಷಯವಲ್ಲ, ಭಾಷೆ. ಚಿಂತಾಮಣಿ, ಗೌರಿಬಿದನೂರು ಕಡೆಯ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಕಲಿಯುವುದು ಕನ್ನಡ, ಸ್ಕ್ಯಾನಿಂಗ್ ಕಾಗದ ಬರುವುದು ಇಂಗ್ಲಿಷಿನಲ್ಲಿ. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು 'ತಾಯಿ ಮಗು'ವಿನಂಥ ಪುಸ್ತಕಗಳನ್ನು ಕನ್ನಡದಲ್ಲಿ ಬರೆದು, ಬಸಿರು ಬಾಣಂತನಗಳ ವಿಷಯವನ್ನು ಹೆಂಗಸರಿಗೆ ಅವರದೇ ಮಾತಿನಲ್ಲಿ ಹೇಳಬಹುದೆಂದು ತೋರಿಸಿಕೊಟ್ಟರು. ಅವರು ತೀರಿಕೊಂಡು ಮೂವತ್ತು ವರ್ಷಗಳ ಮೇಲಾಯಿತು. "ಹಳೆ ಹೊಲಿಗೆ ಮೇಲೆ ಮಾಸು ಕೂತಿದೆ, ಬೇರು ಬಿಟ್ಟಿರಬಹುದು" ಎಂಬ ವಾಕ್ಯ ಯಾವ ಹೆಂಗಸಿಗೆ ಅರ್ಥವಾಗುವುದಿಲ್ಲ?

ಹಿಂದೆ ಸೂಲಗಿತ್ತಿಯರು ಇದ್ದಾಗ ಎಲ್ಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ನಮ್ಮ ಪಕ್ಕದ ಸೀಮೆ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಸಾವಿರಾರು ಹೆರಿಗೆಗಳನ್ನು ಕಾಸು ತೆಗೆದುಕೊಳ್ಳದೆ ಮಾಡಿಸಿದ ಕೈ ಅದು. ಅಂಥವರು ಬಸುರಿಯ ಪಕ್ಕ ಕೂತು, ಅವಳ ಮಾತಿನಲ್ಲೇ ಮಾತಾಡುತ್ತಿದ್ದರು. ಆದರೆ ಎಂಥ ಸೂಲಗಿತ್ತಿಯ ಕೈಯಲ್ಲೂ ರಕ್ತದ ಚೀಲ ಇರಲಿಲ್ಲ. ಕರ್ನಾಟಕದಲ್ಲಿ 2001-03ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಈ ಇಳಿತದ ಹಿಂದೆ ಆಸ್ಪತ್ರೆಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ, ಸಿಸೇರಿಯನ್ ಕೂಡ ಇದೆ. ನನಗೆ ಬೇಕಾದದ್ದು ಆ ಕಾಲಕ್ಕೆ ಮರಳುವುದಲ್ಲ. ಆ ಪಕ್ಕ ಕೂರುವ ಗುಣವನ್ನು ಆಸ್ಪತ್ರೆಯೊಳಕ್ಕೆ ತರುವುದು.

ಸಿಸೇರಿಯನ್ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ನೂರು ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್. ದೇಶದ ಲೆಕ್ಕ 2005-06ರಲ್ಲಿ 8.5 ಇದ್ದದ್ದು 21.5ಕ್ಕೆ ಏರಿದೆ. ಅಡ್ಡ ಮಲಗಿದ ಮಗು, ನಿಂತುಹೋದ ಹೆರಿಗೆ, ಏರಿದ ರಕ್ತದೊತ್ತಡ, ಇಂಥ ಕಾರಣಕ್ಕೆ ಹಾಕಿದ ಕತ್ತರಿ ದೇವರ ಕೈ. ಆದರೆ ಒಳ್ಳೆಯ ನಕ್ಷತ್ರ, ಡಾಕ್ಟರ ಅನುಕೂಲದ ಹೊತ್ತು, ಮನೆಯವರ ಆತುರ, ಇವುಗಳಿಗಾಗಿ ಹಾಕಿದ ಕತ್ತರಿ ಬೇರೆಯವರ ಹೆಸರಿನಲ್ಲಿ ಮಾಡಿದ ಸಾಲ. ಮಾಡುವವರು ಇಂದು ಮಾಡುತ್ತಾರೆ. ತೀರಿಸುವವಳು ಮೂರನೆಯ ಬಸಿರಿನಲ್ಲಿ ತೀರಿಸುತ್ತಾಳೆ. ಗಂಡು ಮಗು ಬೇಕೆಂಬ ಹಟ ಮನೆಯದ್ದು; ಆ ನೂರಕ್ಕೆ 40ರ ಲೆಕ್ಕ ಬರುವುದು ಅವಳ ಮೈಮೇಲೆ. ಆದ್ದರಿಂದ ಕೇಳುವ ಹೊತ್ತು ಏಳನೇ ತಿಂಗಳಿಗಿಂತಲೂ ಹಿಂದಿದೆ, ಮೊದಲ ಕತ್ತರಿಯ ಹತ್ತಿರ ಇದೆ. "ಇವತ್ತು ಇದು ಬೇಕೇ? ಮುಂದೆ ಇದರಿಂದ ಏನಾಗಬಹುದು?" ಎಂದು ಅವಳ ಮುಂದೆ ಒಬ್ಬರಾದರೂ ಹೇಳಬೇಕು.

ಮೊದಲೇ ಯೋಚಿಸಿಡುವುದರಿಂದ ಎಷ್ಟು ಸಾಧ್ಯ ಎಂಬುದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆಯಿದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು, ಅಮೆರಿಕದ ಸಂಶೋಧಕರ ಜೊತೆ ಸೇರಿ, ಆ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಮಗು ಹುಟ್ಟಿದ ಕೂಡಲೇ ದಾದಿಯರು ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು. ಅತಿ ರಕ್ತಸ್ರಾವ ನೂರಕ್ಕೆ 12 ಇದ್ದದ್ದು 6.4ಕ್ಕೆ ಇಳಿಯಿತು. ಅದೇ ಕೆಲಸಕ್ಕಾಗಿ ಅಲ್ಲಿ ಒಂದು ಸಾದಾ ಪ್ಲಾಸ್ಟಿಕ್ ಹಾಳೆಯನ್ನೂ ರೂಪಿಸಿದರು. ಬಾಣಂತಿಯ ಕೆಳಗೆ ಹಾಸಿದರೆ ರಕ್ತವೆಲ್ಲ ಗೆರೆ ಹಾಕಿದ ಚೀಲಕ್ಕೆ ಇಳಿಯುತ್ತದೆ, ಎಷ್ಟಾಯಿತೆಂದು ಕಾಣುತ್ತದೆ. ಬರೀ ಕಣ್ಣಂದಾಜಿನಲ್ಲಿ ರಕ್ತವನ್ನು ಮೂರನೇ ಒಂದು ಭಾಗದಷ್ಟು ಕಡಿಮೆ ಲೆಕ್ಕ ಹಾಕುತ್ತಾರೆಂದು ಆಗ ಗೊತ್ತಾಯಿತು. ಅಂಥದೇ ಗೆರೆಚೀಲವನ್ನು ಇಟ್ಟುಕೊಂಡು, ರಕ್ತ ಗೆರೆ ಮುಟ್ಟಿದೊಡನೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಕೊಡುವ ಕ್ರಮವನ್ನು ಆಫ್ರಿಕಾದ ನಾಲ್ಕು ದೇಶಗಳ ಸುಮಾರು 80 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. 2023ರಲ್ಲಿ ಬಂದ ಫಲಿತಾಂಶದಂತೆ ತೀವ್ರ ರಕ್ತಸ್ರಾವ, ಅದರಿಂದಾಗುವ ಶಸ್ತ್ರಚಿಕಿತ್ಸೆ, ಸಾವು ಇವೆಲ್ಲ ಸೇರಿ ನೂರಕ್ಕೆ 60ರಷ್ಟು ಇಳಿದವು.

ಹೆರಿಗೆಯಲ್ಲಿ ರಕ್ತ ಹೋಗುವುದು ಸಹಜ ಎಂದು ನಾವು ಎಷ್ಟು ರೂಢಿ ಮಾಡಿಕೊಂಡಿದ್ದೇವೆಂದರೆ, ಎಷ್ಟು ಹೋಯಿತು ಎಂದು ಕೇಳುವುದೇ ಇಲ್ಲ. ಹಾಲನ್ನು ಡೈರಿಯಲ್ಲಿ ಮಿಲಿಲೀಟರಿನ ಲೆಕ್ಕದಲ್ಲಿ ಅಳೆಯುತ್ತೇವೆ. ಬಾಣಂತಿಯ ರಕ್ತವನ್ನು ಹಳೆ ಬಟ್ಟೆಯಲ್ಲಿ ಒರೆಸಿ ಎಸೆಯುತ್ತೇವೆ. ಬಾಯಲ್ಲಿ ಹೇಳಲು ಶಕ್ತಿಯಿಲ್ಲದವಳನ್ನು ಏನಾಗುತ್ತಿದೆಯೆಂದು ಕೇಳುವ ದಾರಿ ಅಳೆಯುವುದೇ.

ರಕ್ತದ ವಿಷಯದಲ್ಲಿಯೂ ಇದೇ ಮಾತು. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಮೇಲೆ 1998ರ ಜನವರಿಯಿಂದ ದುಡ್ಡಿಗೆ ರಕ್ತ ಮಾರುವುದು ನಿಂತಿದೆ. ಒಬ್ಬರು ಕೊಟ್ಟರೆ ಮಾತ್ರ ಇನ್ನೊಬ್ಬರಿಗೆ ಉಂಟು. ಒಂದು ಚೀಲ ಮುನ್ನೂರೈವತ್ತು ಮಿಲಿಲೀಟರು. ಅದು ಕೆಡದೆ ಇರುವುದು ಐದಾರು ವಾರ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಅರ್ಧರಾತ್ರಿ ಆಸ್ಪತ್ರೆಯ ಅಂಗಳದಲ್ಲಿ ನಿಂತು "ಯಾರದು ಓ ನೆಗೆಟಿವ್?" ಎಂದು ಫೋನು ಹಚ್ಚುವವರ ಸಂಕಟ ನೋಡಿದ್ದೇನೆ. ರಕ್ತ ಕೊಟ್ಟರೆ ಶಕ್ತಿ ಕುಂದುತ್ತದೆಂದು ನೆಂಟರು ಒಬ್ಬೊಬ್ಬರಾಗಿ ಬೀಡಿ ಸೇದುವ ನೆಪದಲ್ಲಿ ಜಾರಿಕೊಳ್ಳುವುದನ್ನೂ ನೋಡಿದ್ದೇನೆ. ಆ ರಾತ್ರಿ ಅವಳನ್ನು ಉಳಿಸುವವನು ಅಂಗಳದಲ್ಲಿ ಇರುವುದಿಲ್ಲ. ಮೂರು ವಾರದ ಹಿಂದೆ ಯಾವುದೋ ಕಾಲೇಜಿನ ಶಿಬಿರದಲ್ಲಿ ತೋಳು ಚಾಚಿ ಮಲಗಿ, ಬಿಸ್ಕತ್ತು ತಿಂದು ಮನೆಗೆ ಹೋದ ಹುಡುಗ ಅವನು. ಯಾರಿಗೆ ಕೊಟ್ಟೆನೆಂದು ಅವನಿಗೆ ಗೊತ್ತಿಲ್ಲ. ಸಿನಿಮಾದ ನಾಯಕನಿಗೆ ಸಿಗುವ ಆ ದೊಡ್ಡ ಗಳಿಗೆ ಅವನಿಗೆ ಸಿಗುವುದಿಲ್ಲ.

ಧರ್ಮಸಂಕಟ ಎಂಬ ಮಾತನ್ನು ನಾವು ಬಹಳ ಗೌರವದಿಂದ ಆಡುತ್ತೇವೆ. ಅನೇಕ ಧರ್ಮಸಂಕಟಗಳು ಮೊದಲೇ ಮಾಡಬೇಕಿದ್ದ ಸಣ್ಣ ಕೆಲಸಗಳನ್ನು ಮಾಡದೆ ಬಿಟ್ಟದ್ದರಿಂದ ಹುಟ್ಟಿದವು ಎಂದು ನನಗೆ ತೋರುತ್ತದೆ. ಎಲ್ಲವೂ ಅಲ್ಲ. ಎಷ್ಟು ಸಿದ್ಧತೆ ಮಾಡಿದರೂ ಕೈಮೀರುವ ಹೆರಿಗೆಗಳಿವೆ. ಸ್ಕ್ಯಾನಿಂಗಿನ ಕಣ್ಣಿಗೂ ಬೀಳದ ಮಾಸುಗಳಿವೆ. ಆಗ ಕೇಳದೆ ಕತ್ತರಿ ಹಿಡಿಯುವ ವೈದ್ಯರ ಧೈರ್ಯಕ್ಕೆ ಕೈಮುಗಿಯಬೇಕು. ಆದರೆ ಅಂಥವರೂ ಎಲ್ಲ ಮುಗಿದ ಮೇಲೆ, ಅವಳಿಗೆ ಎಚ್ಚರವಾದಾಗ, ಅವಳಿಗೇ ಹೇಳಬೇಕು. ಮೊದಲೇ ಕೇಳಲು ಆಗದಿದ್ದಾಗ ಆಮೇಲೆ ಹೇಳುವುದಾದರೂ ಬಾಕಿ ಉಳಿಯುತ್ತದೆ. ಗಂಡನ ಮೂಲಕ ಅಲ್ಲ, ನಾಲ್ಕು ತಿಂಗಳ ಮೇಲೆ ಒಲೆಯ ಮುಂದೆ ಅಲ್ಲ.

2016ರಿಂದ ಪ್ರತಿ ತಿಂಗಳ ಒಂಬತ್ತನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ನಡೆಯುತ್ತದೆ. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬೆಳಗ್ಗೆಯಿಂದ ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಾರೆ. ಪಕ್ಕದಲ್ಲಿ ತಾಯಿ, ಅತ್ತೆ, ಇಲ್ಲವೇ ಓರಗಿತ್ತಿ. ಯಾರಿಗೂ ರಕ್ತ ಹರಿಯುತ್ತಿಲ್ಲ, ಯಾರೂ ಓಡುತ್ತಿಲ್ಲ. ಹಿಂದಿನದು ಆಪರೇಷನ್ನೇ? ಈಗ ಮಾಸು ಎಲ್ಲಿ ಕೂತಿದೆ? ಮೈಯಲ್ಲಿ ರಕ್ತ ಎಷ್ಟಿದೆ? ನಿನ್ನ ಗುಂಪು ಯಾವುದು, ಕೊಡುವವರು ಯಾರು? ಯಾವ ಆಸ್ಪತ್ರೆಗೆ, ಯಾವ ದಿನ ಹೋಗುವುದು? ಗರ್ಭಕೋಶ ತೆಗೆಯಬೇಕಾಗಿ ಬಂದರೆ ನಿನ್ನ ಮನಸ್ಸಿನಲ್ಲಿ ಏನಿದೆಯಮ್ಮ? ಇಷ್ಟು ಕೇಳುವುದಕ್ಕೆ, ಅವಳು ಉತ್ತರ ಹೇಳುವವರೆಗೆ ಕಾಯುವುದಕ್ಕೆ, ಕಾಲು ಗಂಟೆ ಸಾಕು.